ಯುಕೆಜಿ ಓದುವ ಅಪ್ಪ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರ ಸ್ವಂತ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರ ಫೋನಿನಲ್ಲೂ ಅವರು ‘ಪುಟ್ಟಿ ಪಪ್ಪ, ಯುಕೆಜಿ ಬಿ’. ಆಫೀಸಿನಲ್ಲಿ ಅವರ ಕೈಕೆಳಗೆ ದೊಡ್ಡದೊಂದು ತಂಡವೇ ಇದೆಯಂತೆ. ಮನೆಯಲ್ಲಿ ಇರುವುದು ಒಬ್ಬಳೇ. ಅವಳು ಇವರ ಕೈಕೆಳಗೆ ನಿಲ್ಲುವವಳಲ್ಲ, ಪುಸ್ತಕ ಕಂಡ ಕೂಡಲೇ ಸೋಫಾದ ಕೆಳಗೆ ಹೋಗಿ ಸೇರಿಕೊಳ್ಳುತ್ತಾಳೆ.

ಇಂಥ ಅಪ್ಪಂದಿರು ಈಗ ಬೆಂಗಳೂರಿನ ಬೀದಿಬೀದಿಯಲ್ಲೂ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಅಂಗಿಯ ಜೇಬಿನಲ್ಲಿ ಪೆನ್ನು ಇರುವುದಿಲ್ಲ, ಪೆನ್ಸಿಲ್ ಶಾರ್ಪನರ್ ಇರುತ್ತದೆ. ಮಾತಾಡುವಾಗ ಬಹುವಚನವನ್ನೇ ಬಳಸುತ್ತಾರೆ: “ನಾಳೆ ನಮಗೆ ಡಿಕ್ಟೇಶನ್ ಇದೆ”, “ನಾವಿನ್ನೂ ಸಣ್ಣ ಜಿ ಮುಗಿಸಿಲ್ಲ ಸಾರ್, ಬಾಲ ಎಡಕ್ಕೆ ತಿರುಗ್ತಾನೇ ಇಲ್ಲ”. ವ್ಯಾನು ಬರುವವರೆಗೆ ಗೇಟಿನ ಹತ್ತಿರ ನಿಂತು ಬೇರೆ ಮಕ್ಕಳ ಬ್ಯಾಗಿನೊಳಗೆ ಇಣುಕುತ್ತಾರೆ. ಸಿ ಸೆಕ್ಷನ್ನಿನವರು ಆಗಲೇ ಕೂಡಕ್ಷರಕ್ಕೆ ಹೋದರು ಎಂದು ಯಾರಾದರೂ ಅಂದುಬಿಟ್ಟರೆ ಅವತ್ತು ಅವರಿಗೆ ಆಫೀಸಿನ ಮೀಟಿಂಗ್ ತಲೆಗೆ ಹತ್ತುವುದಿಲ್ಲ.

ಈ ಸಲ ಜೂನ್‌ನಲ್ಲಿ ಶಾಲೆಯಿಂದ ಒಂದು ಜರ್ನಲ್ ಬಂತು. ಹಾಳೆಯ ಮೇಲರ್ಧ ಖಾಲಿ, ಕೆಳಗೆ ಅಗಲವಾದ ಗೆರೆಗಳು. ಒಳರಟ್ಟಿಗೆ ಟೀಚರ್ ಚೀಟಿ ಅಂಟಿಸಿದ್ದರು: ಮಗು ದಿನಕ್ಕೊಂದು ಚಿತ್ರ ಬರೆಯಲಿ, ಅದರ ಬಗ್ಗೆ ತೋಚಿದ ಒಂದು ಮಾತನ್ನು ಮನೆಮಾತಿನಲ್ಲೇ ಕೆಳಗೆ ಬರೆಯಲಿ, ಹತ್ತು ನಿಮಿಷ ಸಾಕು, ದಯವಿಟ್ಟು ತಿದ್ದಬೇಡಿ. ಪುಟ್ಟಿ ಪಪ್ಪ ‘ದಿನಕ್ಕೊಂದು’ ಎನ್ನುವವರೆಗೆ ಗಮನವಿಟ್ಟು ಓದಿದರು. ಉಳಿದದ್ದನ್ನು, ನಾವೆಲ್ಲ ಫೋನಿಗೆ ಹೊಸ ಆ್ಯಪ್ ಹಾಕಿಕೊಳ್ಳುವಾಗ ಷರತ್ತುಗಳನ್ನು ಓದುತ್ತೇವಲ್ಲ, ಹಾಗೆ ಓದಿದರು.

ಮರುದಿನವೇ ಅವೆನ್ಯೂ ರಸ್ತೆಗೆ ಹೋಗಿ ನಾಲ್ಕು ಗೆರೆಯ ಪುಸ್ತಕಗಳನ್ನು ಸಗಟಿನಲ್ಲಿ ತಂದರು. ಜರ್ನಲ್ ಒಂದೇ ಅಲ್ಲವೇ ಎಂದರೆ, “ಅದು ಫೈನಲ್ ಕಾಪಿ ಸಾರ್, ಮೊದಲು ರಫ್ ಬೇಡವಾ?” ಐದು ವರ್ಷದ ಹುಡುಗಿ ಬರೆಯುವ ಬೆಕ್ಕಿನ ಚಿತ್ರಕ್ಕೂ ರಫ್ ಕಾಪಿ ಬೇಕೆಂದು ನನಗೆ ಅವತ್ತೇ ತಿಳಿದದ್ದು. ಪೆನ್ಸಿಲ್ ನಟರಾಜವೋ ಅಪ್ಸರವೋ ಎಂಬ ಚರ್ಚೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ನಡೆದು ಇಬ್ಬರು ಗುಂಪು ಬಿಟ್ಟು ಹೋದರು. ಎರಡನ್ನೂ ತಯಾರಿಸುವುದು ಹಿಂದೂಸ್ತಾನ್ ಪೆನ್ಸಿಲ್ಸ್ ಎಂಬ ಒಂದೇ ಕಂಪನಿ ಎಂದು ಯಾರೋ ತಿಳಿಸಿದ ಮೇಲೂ ಹೋದವರು ವಾಪಸ್ ಬರಲಿಲ್ಲ.

ಓದಿಕೊಂಡ ಮನುಷ್ಯ ಅವರು, ಅದರಲ್ಲಿ ಅನುಮಾನವಿಲ್ಲ. 1939ರಲ್ಲಿ ಮದರಾಸಿಗೆ ಬಂದಿಳಿದ ಮಾರಿಯಾ ಮಾಂಟೆಸ್ಸೊರಿಯ ವಿಷಯ ಎಲ್ಲೋ ಕಣ್ಣಿಗೆ ಬಿತ್ತು. ಆಕೆಯ ಪದ್ಧತಿಯಲ್ಲಿ ಮಕ್ಕಳು ಉಜ್ಜುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾರೆ. ಪೆನ್ಸಿಲ್ ಹಿಡಿಯುವ ಮೊದಲೇ ಅಕ್ಷರದ ತಿರುವು ಬೆರಳಿಗೆ ಗೊತ್ತಾಗಿರುತ್ತದೆ. ಇವರು ನೇರವಾಗಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಉಜ್ಜುಕಾಗದ ಕೇಳಿದರು. “ಕಬ್ಬಿಣಕ್ಕಾ, ಮರಕ್ಕಾ?” ಎಂದ ಅಂಗಡಿಯವನು. “ಮಗಳಿಗೆ” ಎಂದರು ಇವರು. ಅಂಗಡಿಯವನು ಕೊಟ್ಟದ್ದು ಗೇಟಿನ ತುಕ್ಕು ತೆಗೆಯುವಂಥದ್ದು. ‘ಅ’ ಒಂದರ ಮೇಲೆ ಬೆರಳಿಟ್ಟು ನೋಡಿದ ಪುಟ್ಟಿ ‘ಆ!’ ಎಂದಳು. ಸ್ವರಗಳ ಅಭ್ಯಾಸ ಅಲ್ಲಿಗೆ ನಿಂತಿತು.

ಗಾಂಧೀಜಿಯನ್ನೂ ಬಿಡಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ವಕೀಲರ, ಯುವಕರ ಅಂದವಾದ ಬರವಣಿಗೆ ಕಂಡು ತಮ್ಮ ಅಕ್ಷರಕ್ಕಾಗಿ ನಾಚಿಕೊಂಡದ್ದನ್ನು ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕೆಟ್ಟ ಅಕ್ಷರವನ್ನು ಅರೆಬರೆ ಶಿಕ್ಷಣದ ಗುರುತು ಎಂದೇ ತಿಳಿಯಬೇಕು ಎಂದಿದ್ದಾರೆ. ಇಷ್ಟು ಭಾಗ ಪುಟ್ಟಿ ಪಪ್ಪನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ವಾರವಿಡೀ ಇತ್ತು. ಅದೇ ಪುಟದಲ್ಲಿ, ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಚಿತ್ರ ಬರೆಯುವುದನ್ನು ಕಲಿಸಬೇಕು, ಹೂವನ್ನೋ ಹಕ್ಕಿಯನ್ನೋ ನೋಡಿ ತಿಳಿಯುವ ಹಾಗೆ ಅಕ್ಷರವನ್ನೂ ಮಗು ನೋಡಿಯೇ ತಿಳಿಯಲಿ ಎಂದೂ ಇದೆ. ಸ್ಟೇಟಸ್ಸಿನಲ್ಲಿ ಅಷ್ಟು ಜಾಗ ಇರಲಿಲ್ಲ.

ಟೀಚರ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಜರ್ನಲ್ಲಿನ ಗುಟ್ಟು ಬಹಳ ಸರಳ. ಹೇಳಲು ಏನಾದರೂ ಇದ್ದರೆ ಕೈ ತಾನಾಗಿ ಬರೆಯುತ್ತದೆ. ‘ಎ’ ಅಕ್ಷರವನ್ನು ಹಾಳೆ ತುಂಬ ಬರೆ ಎಂದರೆ ಮೊದಲ ಸಾಲಿನಲ್ಲಿ ಇದ್ದ ‘ಎ’ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸೊಂಟ ಬಿದ್ದು ಮಲಗಿರುತ್ತದೆ. ಅದೇ ಮಗು ಮಳೆಯ ಚಿತ್ರ ಬರೆಯುವಾಗ ಹಾಳೆ ತುಂಬ ಓರೆಗೆರೆ ಎಳೆಯುತ್ತದೆ, ದೋಸೆ ಬರೆಯುವಾಗ ಸುತ್ತಿ ಸುತ್ತಿ ದುಂಡಗೆ ಮಾಡುತ್ತದೆ. ಕನ್ನಡದ ರ, ಠ, ದ ಬೇಡುವುದು ಆ ಸುತ್ತನ್ನೇ. ಹುಟ್ಟಿದ ಮಗುವಿನ ಮಣಿಕಟ್ಟಿನ ಎಂಟು ಮೂಳೆಗಳು ಇನ್ನೂ ಮೃದ್ವಸ್ಥಿಯಾಗಿರುತ್ತವೆ, ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಯುಕೆಜಿಗೆ ಬಂದರೂ ಆ ಕೆಲಸ ಮುಗಿದಿರುವುದಿಲ್ಲ. ಇದರ ಎಕ್ಸ್-ರೇ ಚಿತ್ರವನ್ನು ‘ಎಲ್ಲ ಪೋಷಕರೂ ನೋಡಲೇಬೇಕು’ ಎಂದು ಗುಂಪಿಗೆ ಕಳಿಸಿದವರು ಸಾಕ್ಷಾತ್ ಪುಟ್ಟಿ ಪಪ್ಪನೇ. ಕಳಿಸಿದ್ದು ರಾತ್ರಿ ಒಂಬತ್ತೂವರೆಗೆ, ಮಗಳು ಅವರ ಎಡಪಕ್ಕದಲ್ಲಿ ತೂಕಡಿಸುತ್ತ ಮೂರನೇ ರಫ್ ಕಾಪಿ ಮಾಡುತ್ತಿದ್ದಾಗ.

ಆ ಮನೆಯಲ್ಲಿ ಕೈಬರಹದ ನಿಜವಾದ ತಜ್ಞೆ ಪುಟ್ಟಿಯ ಅಜ್ಜಿ. ಹಾಗೆಂದು ಅವರಿಗೇ ಗೊತ್ತಿಲ್ಲ. ಡಿಸೆಂಬರ್ ಬಂತು, ಮನೆಗೆ ಸೊಗಡವರೆ ಬಂತು. ನೆನೆಸಿದ ಕಾಳನ್ನು ಬೋಗುಣಿಯಲ್ಲಿಟ್ಟು ಅಜ್ಜಿ ಮೊಮ್ಮಗಳನ್ನು ಹಿತಕಲು ಕೂರಿಸಿದರು. ಹೆಬ್ಬೆರಳು, ತೋರುಬೆರಳು, ಆಸರೆಗೆ ನಡುಬೆರಳು. ಹದವಾಗಿ ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ, ಸಿಪ್ಪೆ ಕೈಯಲ್ಲಿ. ಹೆಚ್ಚು ಒತ್ತಿದರೆ ಬೇಳೆ ಗೋಡೆಗೆ. ಪುಟ್ಟಿ ಒಂದು ಕಾಳನ್ನು ಅಪ್ಪನ ಲ್ಯಾಪ್‌ಟಾಪಿಗೂ ಹೊಡೆದಳು. “ಓದೋ ಹೊತ್ತಲ್ಲಿ ಇದೇನಮ್ಮ?” ಎಂದು ಪಪ್ಪ ರೇಗಿದರು. ಮುಕ್ಕೋನದ ಪೆನ್ಸಿಲ್ಲು, ಬೆರಳಿಗೆ ಸಿಕ್ಕಿಸುವ ರಬ್ಬರ್ ಮೀನು, ಆನ್‌ಲೈನಿನಲ್ಲಿ ತರಿಸಿದ ಹಿಡಿತದ ಪಟ್ಟಿ ಇವೆಲ್ಲ ಕಲಿಸಲು ಹೊರಟದ್ದು ಆ ಮೂರು ಬೆರಳುಗಳ ಆಟವನ್ನೇ ಎಂದು ಅವರಿಗೆ ಹೇಳುವವರು ಯಾರು? ಅಜ್ಜಿ ತಲೆಯೆತ್ತದೆ ಅಂದರು: “ನಿನಗೆ ಶೃಂಗೇರಿಲಿ ಅಕ್ಷರಾಭ್ಯಾಸ ಮಾಡ್ಸಿದ್ವಿ. ತಟ್ಟೇಲಿರೋ ಅಕ್ಕಿ ಮೇಲೆ ಬರಿಯೋ ಅಂದ್ರೆ ಅಕ್ಕೀನೇ ಮುಕ್ಕಿದೆ. ಆಮೇಲೆ ಕಲೀಲಿಲ್ವ?”

ಕಲಿತರು, ಆದರೆ ಎಷ್ಟು ಕಲಿತರು ಎಂಬುದು ಬ್ಯಾಂಕಿನವರಿಗೆ ಗೊತ್ತು. ಇವರ ಸಹಿ ಮೂರು ಫಾರಂಗಳಲ್ಲಿ ಮೂರು ತರ. ಕೊರಿಯರ್ ಹುಡುಗನ ಫೋನಿನ ಗಾಜಿನ ಮೇಲೆ ಉಗುರಿನಿಂದ ಗೀಚುವುದು ಬಿಟ್ಟರೆ ಅವರು ಕೈಯಾರೆ ಬರೆದು ಯಾವ ಕಾಲವಾಯಿತೋ. ಮಗಳ ಅಕ್ಷರದ ಮೇಲೆ ಇಷ್ಟು ಕಣ್ಣಿಡುವ ಅಪ್ಪಂದಿರಲ್ಲಿ ಬಹುತೇಕರು ಬರೆಯುವುದನ್ನೇ ಬಿಟ್ಟವರು ಎಂಬುದು ನನ್ನ ಅನುಭವ. ಬಿಟ್ಟದ್ದಕ್ಕೇ ಇಷ್ಟು ಮೋಹವೋ ಏನೋ.

ಆ ಜರ್ನಲ್ಲನ್ನು ನಾನು ಕಣ್ಣಾರೆ ನೋಡಿದ್ದೇನೆ. ತಪ್ಪಿ ನಮ್ಮ ಮನೆಗೆ ಬಂದ ಪಾರ್ಸಲ್ ಕೊಡಲು ಒಂದು ರಾತ್ರಿ ಹೋದಾಗ ಪುಟ್ಟಿ ಮಲಗಿದ್ದಳು. ಊಟದ ಮೇಜಿನ ಮೇಲೆ ಬಾಗಿ, ನಾಲಿಗೆ ಹೊರಗೆ ಚಾಚಿ, ಪಪ್ಪ ಬರೆಯುತ್ತಿದ್ದರು. ಎಡಗೈಯಲ್ಲಿ. “ಸ್ವಲ್ಪ ನ್ಯಾಚುರಲ್ ಆಗಿ ಬರ್ಲಿ ಅಂತ” ಎಂದರು, ಸಂಕೋಚದ ಸುಳಿವೂ ಇಲ್ಲದೆ. ಪುಟಕ್ಕೊಂದು ಅಕ್ಷರವನ್ನು ಲೆಕ್ಕ ಹಾಕಿ ಉಲ್ಟಾ ಬರೆಯುತ್ತಿದ್ದರು. ಈ ವಯಸ್ಸಿನ ಮಕ್ಕಳು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಸಹಜ ಎಂದು ಓದಿದ್ದರಲ್ಲ, ಆ ಜ್ಞಾನ ಹೀಗೆ ಉಪಯೋಗಕ್ಕೆ ಬಂದಿತ್ತು. ಚಿತ್ರ: ಭೂಗೋಳವನ್ನು ಹಿಡಿದ ಎರಡು ಕೈಗಳು. ಕೆಳಗಿನ ಸಾಲು: ನಾನು ದೊಡ್ಡವಳಾದ ಮೇಲೆ ಪರಿಸರ ಸಂರಕ್ಷಣೆಗೆ ಶ್ರಮಿಸುತ್ತೇನೆ.

ಹಿಂದಿನ ಪುಟಗಳನ್ನು ತಿರುವಿದೆ. ಅಪ್ಪ ಊರಿಗೆ ಹೋಗಿದ್ದ ದಿನಗಳಲ್ಲಿ ಪುಟ್ಟಿ ತಾನೇ ಬರೆದವು ಅಲ್ಲೊಂದು ಇಲ್ಲೊಂದು ಇದ್ದವು. ಕನ್ನಡ ಅವಳಿಗೆ ಅಜ್ಜಿ ಕಲಿಸಿದ್ದು, ಒತ್ತಕ್ಷರದವರೆಗೆ ಪಾಠ ಇನ್ನೂ ಬಂದಿಲ್ಲ. ಹೊಗೆಯಾಡುವ ಕಾವಲಿಯ ಕೆಳಗೆ: ‘ಅಜಿ ದೋಸೆ ತುಪ ಇನೂ’. ಇನ್ನೊಂದರಲ್ಲಿ ಒಂದು ಪುಟಾಣಿ ಕೈ, ಅದರ ಮೇಲೆ ಹಾಳೆಯ ಅಂಚಿನವರೆಗೂ ಹರಡಿದ ಇನ್ನೊಂದು ಕೈ, ಎರಡರ ಸಂದಿಯಲ್ಲಿ ಸಿಕ್ಕಿಬಿದ್ದ ಪೆನ್ಸಿಲ್: ‘ಪಪ ಕೈ ಬಿಡಲ’. ಅಕ್ಷರ ಗೆರೆ ದಾಟಿತ್ತು, ‘ಕೈ’ಯ ಬಾಲ ಪಕ್ಕದ ಪುಟಕ್ಕೆ ಹೋಗಿತ್ತು. ಆದರೆ ಓದಲು ನನಗೆ ಕನ್ನಡಕ ಬೇಕಾಗಲಿಲ್ಲ. ಪಪ್ಪ ಅದರ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು: ‘ಒತ್ತು × 2’.

ಮುಂದಿನದು ಪೋಷಕರ ಸಭೆಯ ಕಥೆ. ಇದನ್ನು ಹೇಳಿದ್ದು ಅವರ ಹೆಂಡತಿ, ಲಿಫ್ಟಿನಲ್ಲಿ, ನಗು ತಡೆಯಲಾರದೆ. ಟೀಚರ್ ಜರ್ನಲ್ ತೆರೆದರಂತೆ. ದೋಸೆಗೆ ನಕ್ಷತ್ರ, ಸಿಕ್ಕಿಬಿದ್ದ ಪೆನ್ಸಿಲ್ಲಿಗೆ ಎರಡು ನಕ್ಷತ್ರ. ಭೂಗೋಳಕ್ಕೆ, ರಾಷ್ಟ್ರಧ್ವಜಕ್ಕೆ, ‘ನೀರು ಅಮೂಲ್ಯ’ಕ್ಕೆ ಏನೂ ಇಲ್ಲ.

“ನಮ್ಮ ಪ್ರೋಗ್ರೆಸ್ ಹೇಗಿದೆ ಮ್ಯಾಮ್?” ಎಂದರು ಪಪ್ಪ.

“ಪುಟ್ಟಿ ಚೆನ್ನಾಗಿ ಬರೀತಾಳೆ. ನೀವು ಸ್ವಲ್ಪ ಜಾಸ್ತಿ ಒತ್ತಿ ಬರೀತೀರ, ಹಿಂದಿನ ಪುಟಕ್ಕೂ ಮೂಡಿದೆ.” ಟೀಚರ್ ಡಬ್ಬಿಯಿಂದ ಬೆರಳ ತುದಿಯಷ್ಟಿದ್ದ ಕ್ರೇಯಾನ್ ತುಂಡೊಂದನ್ನು ತೆಗೆದು ಅವರ ಅಂಗೈಗಿಟ್ಟರು. ತುಂಡು ಚಿಕ್ಕದಾದಷ್ಟೂ ಮುಷ್ಟಿಯಲ್ಲಿ ಹಿಡಿಯಲು ಜಾಗ ಇರುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು, ಹಿಡಿತ ತಾನಾಗಿ ಸರಿಹೋಗುತ್ತದೆ ಎಂದು ವಿವರಿಸಿದರು. ಪಪ್ಪ ಅದನ್ನು ಫೋನಿನಲ್ಲಿ ಟೈಪ್ ಮಾಡಿಕೊಂಡರು. ಇನ್ನು ಮುಂದೆ ಜರ್ನಲ್ ಶಾಲೆಯಲ್ಲೇ ಇರುತ್ತದೆ, ಮನೆಗೆ ಕಳಿಸುವುದಿಲ್ಲ ಎಂದು ಟೀಚರ್ ಕೊನೆಯಲ್ಲಿ ಸೇರಿಸಿದರಂತೆ.

ಅವೆನ್ಯೂ ರಸ್ತೆಯಿಂದ ತಂದ ನಾಲ್ಕು ಗೆರೆಯ ಪುಸ್ತಕಗಳು ಹಾಗೇ ಉಳಿದವು. ಬಿಸಾಡಲು ಮನಸ್ಸು ಬಾರದೆ ಪಪ್ಪ ಈಗ ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಾರೆ, ಬಲಗೈಯಲ್ಲೇ. ಅವರ ಒಂದು ಏಳರಂತಿರುತ್ತದೆ, ಏಳು ಯಾವುದರಂತೆಯೂ ಇರುವುದಿಲ್ಲ. ಹೋದ ತಿಂಗಳು ಪ್ಯಾಕೆಟ್ಟುಗಳ ಲೆಕ್ಕದಲ್ಲಿ ಜಗಳವಾದ ಮೇಲೆ ಹಾಲಿನ ಹುಡುಗ ಇವರ ಹತ್ತಿರ ಮಾತೇ ಆಡುವುದಿಲ್ಲ. ಬಾಗಿಲಲ್ಲಿ ನಿಂತು ಪುಟ್ಟಿಯನ್ನು ಕರೆಯುತ್ತಾನೆ, ಅವಳು ಓದಿ ಹೇಳುತ್ತಾಳೆ, ಅವನು ದುಡ್ಡು ಎಣಿಸಿಕೊಂಡು ಹೋಗುತ್ತಾನೆ.