ಹಸಿರು ಜೆರ್ಸಿ

ಸೈಕಲ್ ಜೆರ್ಸಿಯ ಕೆಲಸ ಬೆವರು ಆರಿಸುವುದು. ಪರಿಸರ ಉಳಿಸುವ ಕೆಲಸ ಅದರ ಬೆಲೆಚೀಟಿಯದು. ಸೈಕಲ್ ಸವಾರರು ಹತ್ತುವ 1,478 ಮೀಟರ್ ಎತ್ತರದ ನಂದಿಬೆಟ್ಟದ ಬುಡದಲ್ಲಿ ಸೆಕೆ, ತುದಿಯಲ್ಲಿ ಮಂಜು. ಹಾಗಾಗಿ ಬೆಂಗಳೂರಿನ ಅಂಗಡಿಯ ಸಂವಾದ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಸಾರ್, ಇದು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಮಾಡಿದ ಪಾಲಿಯೆಸ್ಟರ್. ಬೇಗ ಒಣಗತ್ತೆ.”

“ಒಗೆದರೆ?”

“ಸಣ್ಣ ಎಳೆ ನೀರಿಗೆ ಹೋಗತ್ತೆ. ಬಾಟಲಿ ಹೇಗೂ ಕೆರೆಗೇ ಹೋಗ್ತಿತ್ತಲ್ಲ ಸಾರ್!”

“ಹತ್ತಿ?”

“ಬೆವರು ಕುಡಿದು ಮೈಗೆ ಅಂಟತ್ತೆ. ಇಳಿಜಾರಲ್ಲಿ ಗಡಗಡ.”

“ಮೆರಿನೋ ಉಣ್ಣೆ?”

“ಒದ್ದೆಯಾದ್ರೂ ಬೆಚ್ಚಗಿರತ್ತೆ, ವಾಸನೆ ಕಮ್ಮಿ. ಬೆಲೆ ಕೇಳಿದ್ರೆ ಮಾತ್ರ ಬೆವರು ಬರತ್ತೆ.”

“ಮೂರೂ ಕಟ್ಟಿ. ಸೈಕಲನ್ನ ಕಾರಲ್ಲೇ ತಂದಿದೀನಿ, ಜಾಗ ಇದೆ.”

ನಂದಿಬೆಟ್ಟದ ಹವೆಗೆ ತೆಳುವಾದ ಒಂದು ಜೆರ್ಸಿ, ಬಿಚ್ಚಿ ಜೇಬಿಗಿಡಬಹುದಾದ ಆರ್ಮ್ ವಾರ್ಮರ್, ಗಾಳಿ ತಡೆಯುವ ತೋಳಿಲ್ಲದ ಜಾಕೆಟ್ ಸಾಕು. ಬೀರುವಿನಲ್ಲಿರುವ ಹಳೆಯದು ಹರಿಯುವ ತನಕ ಹೊಸದು ಬೇಕಾಗುವುದೇ ಇಲ್ಲ.