ಒಕ್ಕಲೆಬ್ಬಿಸುವ ಪಾಡು

2020ರ ಮಾರ್ಚ್ 20ರಂದು, ಲಾಕ್‌ಡೌನಿಗೆ ಸರಿಯಾಗಿ ಬಂದ ನಿಂಟೆಂಡೊ ಆಟ 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್'. ಅದರ ದ್ವೀಪದಲ್ಲಿ ಹತ್ತೇ ಪ್ರಾಣಿ ಒಕ್ಕಲುಗಳಿಗೆ ಜಾಗ. ಚೆಂದದ ಬೆಕ್ಕು ರೇಮಂಡ್ ಬೇಕೆಂದರೆ ಹಳೆಯ ಯಾರೋ ಗಂಟುಮೂಟೆ ಕಟ್ಟಬೇಕು.

ಕಟ್ಟುತ್ತಾರೆಯೇ? ಆಟಗಾರರು ಬಲೆಯಿಂದ ತಲೆಗೆ ಬಡಿದರು, ದಾರಿಯಲ್ಲಿ ತಳ್ಳಿದರು, ದ್ವೀಪದ ಕಚೇರಿಯಲ್ಲಿ ಕೂರುವ ಇಸಬೆಲ್‌ಗೆ ದೂರು ಕೊಟ್ಟರು. ಪೆಟ್ಟು ತಿಂದವರು ಮುನಿಸಿಕೊಂಡರೇ ವಿನಾ ಊರು ಬಿಡಲಿಲ್ಲ. ದೂರಿನಿಂದ ಬದಲಾಗುವುದು ಅವರ ಅಂಗಿ ಅಥವಾ ಮಾತಿನ ವರಸೆ ಮಾತ್ರ! ನಮ್ಮ ಕಚೇರಿಗಳಲ್ಲಿ ಅಷ್ಟಾದರೂ ಆದರೆ ಪುಣ್ಯ. ನಿಜವಾದ ಉಪಾಯ ಬೇರೆ: ತಲೆಯ ಮೇಲೆ ಯೋಚನೆಯ ಗುಳ್ಳೆ ಮೂಡಿದಾಗ ಮಾತಾಡಿಸಿ, ಹೊರಡುವ ವಿಚಾರ ಬಂದರೆ 'ಹೋಗಿ ಬನ್ನಿ' ಎನ್ನಬೇಕು.

ಹಾಸನ ಜಿಲ್ಲೆಯವರಿಗೆ ಈ ಕಷ್ಟ ಹೊಸದಲ್ಲ. ಇಲ್ಲಿ ಎಬ್ಬಿಸಬೇಕಾದ ಒಕ್ಕಲು ಆನೆ. 2012ರಲ್ಲಿ ಕರ್ನಾಟಕ ಆನೆ ಕಾರ್ಯಪಡೆ ಹೈಕೋರ್ಟಿಗೆ ವರದಿ ಕೊಟ್ಟಿತು. ಅದರ ಶಿಫಾರಸಿನ ಮೇರೆಗೆ 2014ರಲ್ಲಿ ಆಲೂರು, ಸಕಲೇಶಪುರದ ಕಡೆ 22 ಆನೆಗಳನ್ನು ಹಿಡಿದರು. ಪಳಗಿದ ಆನೆಗಳು ಬಂದವು, ಅರಿವಳಿಕೆ ಬಂತು, ಲಾರಿ ಬಂತು. ಆದರೆ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು; ಸೆರೆ ಕಾರ್ಯಾಚರಣೆ ಆಮೇಲೂ ಮುಗಿದಿಲ್ಲ. ಕೆಲವು ಆನೆಗಳ ಕೊರಳಿಗೆ ರೇಡಿಯೊ ಕಾಲರ್ ಕಟ್ಟಿ, ಅವು ಎಲ್ಲಿವೆಯೆಂದು ಜನರ ಮೊಬೈಲಿಗೇ ಸಂದೇಶ ಕಳಿಸುವ ಏರ್ಪಾಡೂ ಆಯಿತು. ಅರಕಲಗೂಡಿನ ಜೋಳದ ಹೊಲದವರಿಗಂತೂ ಇಂಥ ಅತಿಥಿಯ ಪರಿಚಯ ಮಾಡಿಸಬೇಕಾಗಿಲ್ಲ.

ಆಟದಲ್ಲೂ ಅಷ್ಟೇ, ಖಾಲಿಯಾದ ಜಾಗಕ್ಕೆ ನೀವು ಯಾರನ್ನೂ ಕರೆಯದಿದ್ದರೆ ಯಾರೋ ತಾವಾಗಿ ಬಂದು ಕೂರುತ್ತಾರೆ. ಆದ್ದರಿಂದ ದ್ವೀಪದ ಯಜಮಾನರೇ, ಒಬ್ಬರನ್ನು ಕಳಿಸುವ ಮುನ್ನ ಇನ್ನೊಬ್ಬರನ್ನು ಗೊತ್ತುಮಾಡಿಕೊಳ್ಳಿ.