ಸಾಲ ಹುಟ್ಟುವ ದಾರಿ

ನಮ್ಮ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಿಂದ ಒಬ್ಬರು ಪ್ರಧಾನಿಯಾಗಿ, ಅವರ ಮಗ ಮುಖ್ಯಮಂತ್ರಿಯಾಗಿ ಹೋದ ಮೇಲೆ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂರುವ ನಾವೆಲ್ಲ ಹಣಕಾಸು ಕಾರ್ಯದರ್ಶಿಗಳೇ. 2025ರ ಮಾರ್ಚ್ 7ರಂದು ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟ್ ಓದಿದರಲ್ಲ, ಮಾರನೇ ಬೆಳಿಗ್ಗೆ ಅಲ್ಲಿ ಗುಡುಗಿದ್ದು ಸಾಲದೆ ಮನೆಗೂ ಬಂದು ಗುಡುಗಿದೆ: ‘4,09,549 ಕೋಟಿ ಬಜೆಟ್ಟಂತೆ, ಅದರಲ್ಲಿ 1,16,000 ಕೋಟಿ ಸಾಲವಂತೆ ಕಣೇ!’

ಮೊರದಲ್ಲಿ ಹುರುಳಿ ಕೇರುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. ‘ಟೀ ದುಡ್ಡು ಕೊಟ್ರೋ, ಬರೆಸಿ ಬಂದ್ರೋ?’

ಬರೆಸಿ ಬಂದಿದ್ದೆ. ಮಾತು ಮರೆಸಲು ಕಾನೂನು ಹೇಳಿದೆ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಂತೆ ರಾಜ್ಯದ ಒಟ್ಟು ಸಾಲ ಅದರ ಉತ್ಪನ್ನದ ಶೇ 25 ದಾಟುವಂತಿಲ್ಲ. ವರ್ಷದ ಕೊನೆಗೆ ಸಾಲ ಏಳೂವರೆ ಲಕ್ಷ ಕೋಟಿಯ ಮೇಲಾಗಿ, ಲೆಕ್ಕ ಶೇ 24.91ಕ್ಕೆ ಬಂದು ನಿಲ್ಲುತ್ತದಂತೆ.

‘ನೂರಕ್ಕೆ ಒಂಬತ್ತು ಪೈಸೆನಾದ್ರೂ ಉಳಿಸ್ಕೊಂಡವ್ರೆ. ನಿಮ್ದೆಷ್ಟು?’

ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಸೊಸೈಟಿ ಸಾಲ, ಬೈಕಿನ ಕಂತು, ಕೂಗಿ ಎತ್ತಿಕೊಂಡ ಚೀಟಿ, ಭಾವಮೈದನ ಕೈಗಡ. ಎದುರಿಗೆ ನನ್ನ ಜೆರಾಕ್ಸ್ ಅಂಗಡಿಯ ಉತ್ಪನ್ನ. ಶೇ 112. ಕಾಯಿ ಸುಲಿಯುವ ಯಂತ್ರದ್ದನ್ನು ಸಾಲಕ್ಕೆ ಸೇರಿಸಬಾರದು, ಅದು ಬಂಡವಾಳ ವೆಚ್ಚ ಎಂದು ವಾದಿಸಿದೆ. ನಮಗಿರುವುದು ನಾಲ್ಕು ತೆಂಗಿನ ಮರ. ಯಂತ್ರದ ಕೆಳಗೆ ಸದ್ಯ ಕೋಳಿ ಕಾವಿಗೆ ಕೂತಿದೆ.

‘ಮರಿ ಆದ್ರೆ ಆದಾಯ ಅಂತ ಬರ್ಕೊಳ್ಳಿ’ ಎಂದಳು.

ಅವಳ ಎರಡೆಳೆ ಸರ ಅಡವಿಡುವಾಗಲೂ ನಾನು ಇತಿಹಾಸವನ್ನೇ ಸಾಕ್ಷಿಗೆ ಕರೆದಿದ್ದೆ. 1991ರ ಜುಲೈನಲ್ಲಿ ದೇಶವೇ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ಕಳಿಸಿ ಸಾಲ ಎತ್ತಿತ್ತು. ನಾನು ಬರೀ ಪೇಟೆಯವರೆಗೆ ಹೋಗಿ ಬರ್ತೀನಿ, ಅದೂ ನಡ್ಕೊಂಡು ಎಂದಿದ್ದೆ. ‘ದೇಶ ಆ ಸಾಲ ತೀರಿಸ್ತಲ್ಲ?’ ಎಂದು ಅವಳು ಆಗಾಗ ಕೇಳುತ್ತಾಳೆ. ಹಬ್ಬ ಹತ್ತಿರ ಬಂದಾಗ ಸ್ವಲ್ಪ ಜೋರಾಗಿ.

ಆ ತಿಂಗಳು ಬೈಕಿನ ಕಂತಿಗೆ ಎಲ್ಲೂ ಸಾಲ ಹುಟ್ಟಲಿಲ್ಲ. ಕೊನೆಗೆ ಅವಳೇ ಗೃಹಲಕ್ಷ್ಮಿ ಗ್ಯಾರಂಟಿಯ ಎರಡು ಕಂತು ಒಟ್ಟಿಗೆ ಬಂದಿದ್ದ ನಾಲ್ಕು ಸಾವಿರ ತೆಗೆದುಕೊಟ್ಟಳು. ಸುಮ್ಮನೆ ಅಲ್ಲ, ಸಂಘದ ರೇಟು, ತಿಂಗಳಿಗೆ ನೂರಕ್ಕೆ ಎರಡು, ಪುಸ್ತಕದಲ್ಲಿ ಸಹಿ. ಸಹಿ ಹಾಕುವಾಗಲೇ ನನಗೆ ಹೊಳೆದಿದ್ದು: ಸರ್ಕಾರ ಸಾಲ ತಂದು ಇವಳಿಗೆ ಕೊಡುತ್ತದೆ, ಇವಳು ಬಡ್ಡಿಗೆ ನನಗೆ ಕೊಡುತ್ತಾಳೆ. ಅಲ್ಲಿ ಸಾಲ ನಿಂತರೆ ಇಲ್ಲಿ ನನ್ನ ಬೈಕು ಹೋಯಿತು.

ಮರುದಿನ ಟೀ ಅಂಗಡಿಯಲ್ಲಿ ಒಬ್ಬ ಶುರು ಮಾಡಿದ: ‘ಗ್ಯಾರಂಟಿಗೆ 51,034 ಕೋಟಿ ಅಂತೆ, ಮೊದಲು ನಿಲ್ಲಿಸಬೇಕು ಇವನ್ನೆಲ್ಲ!’ ನಾನು ಗಾಬರಿಯಾಗಿ ಅವನ ಕೈಗೊಂದು ಟೀ, ಬಾಯಿಗೊಂದು ಬೋಂಡ ಕೊಡಿಸಿ, ನನ್ನ ಲೆಕ್ಕಕ್ಕೆ ಬರೆಸಿದೆ.